ಏಕಮಾಲೀಕನ ಮರಣಾನಂತರ ವ್ಯಾಪಾರದ ಖಾತೆಗಳು ಮತ್ತು ಕರಾರುಗಳು

ಕುಮಟಾದಿಂದ ಅಘನಾಶಿನಿಯ ಅಳಿವೆಯ ಕಡೆಗೆ ಸಾಗಿದರೆ ಕಾಗಾಲ ಸಿಗುತ್ತದೆ. ತೆಂಗಿನ ತೋಟ, ಗಜನಿ ಗದ್ದೆ, ಮೀನು ಮತ್ತು ಚಿಪ್ಪಿಯ ವ್ಯಾಪಾರ ಇಲ್ಲಿನ ಬದುಕಿನ ಆಧಾರ. ಈ ಊರಿನಲ್ಲಿ ಒಬ್ಬ ವರ್ತಕನು ಕೊಬ್ಬರಿ ಎಣ್ಣೆಯ ಸಣ್ಣ ಗಿರಣಿಯೊಂದನ್ನು ನಡೆಸುತ್ತಿದ್ದಾನೆಂದು ಭಾವಿಸಬಹುದು. ಸುತ್ತಲಿನ ರೈತರಿಂದ ಆತ ಕೊಬ್ಬರಿ ಕೊಳ್ಳುತ್ತಾನೆ. ಕುಮಟಾ, ಹೊನ್ನಾವರ, ಭಟ್ಕಳದ ಅಂಗಡಿಗಳಿಗೆ ಎಣ್ಣೆಯನ್ನು ಉದ್ರಿಯಾಗಿ ಕೊಡುತ್ತಾನೆ. ಬ್ಯಾಂಕಿನಲ್ಲಿ ಗಿರಣಿಯ ಹೆಸರಿನ ಚಾಲ್ತಿ ಖಾತೆ ಇದೆ, ದಾಸ್ತಾನಿನ ಮೇಲೆ ಕ್ಯಾಶ್ ಕ್ರೆಡಿಟ್ ಸಾಲವಿದೆ, ಮಾಲು ಸಾಗಿಸಲು ಒಂದು ಗೂಡ್ಸ್ ವಾಹನವಿದೆ. ಒಂದು ಬೆಳಿಗ್ಗೆ ಆತ ಹೃದಯಾಘಾತದಿಂದ ತೀರಿಕೊಳ್ಳುತ್ತಾನೆ. ಹದಿಮೂರನೆಯ ದಿನದ ಕಾರ್ಯ ಮುಗಿಯುವ ಮೊದಲೇ ಕೊಬ್ಬರಿ ಕೊಟ್ಟ ರೈತರು ಬಾಗಿಲಿಗೆ ಬರುತ್ತಾರೆ. ಆತ ಸಹಿ ಮಾಡಿ ಕೊಟ್ಟಿದ್ದ ಮುಂದಿನ ದಿನಾಂಕದ ಚೆಕ್ಕುಗಳು ಹಿಂದಿರುಗುತ್ತವೆ. ಎಣ್ಣೆ ಪಡೆದ ಅಂಗಡಿಕಾರರು, ಹಣವನ್ನು ಯಾರ ಕೈಗೆ ಕೊಡಬೇಕು ಎಂದು ಕೇಳುತ್ತಾರೆ. ಕೆಲವರು ಕೇಳುವುದೂ ಇಲ್ಲ.

ಈ ವರ್ತಕ ಕಲ್ಪಿತನಾದರೂ ಆತನ ಮನೆಯವರಿಗೆ ಎದುರಾಗುವ ಪ್ರಶ್ನೆಗಳು ಕಲ್ಪಿತವಲ್ಲ. ಕರಾವಳಿಯ ಪೇಟೆಗಳಲ್ಲಿ ಒಬ್ಬನೇ ಮಾಲೀಕನಾಗಿರುವ ಅಂಗಡಿ, ಗಿರಣಿ, ಕಾರ್ಖಾನೆಗಳು ಹೆಜ್ಜೆಹೆಜ್ಜೆಗೂ ಇವೆ. ಲೆಕ್ಕ ಪರಿಶೋಧಕರನ್ನಿಟ್ಟು ತೆರಿಗೆಯನ್ನು ಸರಿಯಾಗಿ ಕಟ್ಟುವ ವರ್ತಕರು ಕೂಡ ತಮ್ಮ ಮರಣಾನಂತರ ಖಾತೆಯ ಗತಿ ಏನೆಂಬುದನ್ನು ವಿಚಾರಿಸಿರುವುದಿಲ್ಲ. ಅಶುಭದ ಮಾತೇಕೆಂಬ ಸಂಕೋಚವೂ ಅದಕ್ಕೆ ಒಂದು ಕಾರಣ.

ಹೆಸರು ಬೇರೆ, ವ್ಯಕ್ತಿ ಒಬ್ಬನೇ

ಅಂಗಡಿಯ ಫಲಕದ ಮೇಲೆ 'ಟ್ರೇಡರ್ಸ್' ಎಂದೋ 'ಆಯಿಲ್ ಮಿಲ್' ಎಂದೋ ಬರೆದಿರಬಹುದು. ಬ್ಯಾಂಕಿನ ಪಾಸ್‌ಬುಕ್ಕು, ರಬ್ಬರ್ ಮುದ್ರೆ, ಬಿಲ್ಲು ಎಲ್ಲದರ ಮೇಲೂ ಅದೇ ಹೆಸರು ಇರಬಹುದು. ಆದರೆ ಕಾನೂನಿನ ದೃಷ್ಟಿಯಲ್ಲಿ ಆ ಹೆಸರಿಗೆ ಪ್ರತ್ಯೇಕ ಅಸ್ತಿತ್ವವಿಲ್ಲ. ಅದು ಮಾಲೀಕನು ವ್ಯಾಪಾರಕ್ಕಾಗಿ ಇಟ್ಟುಕೊಂಡ ಮತ್ತೊಂದು ಹೆಸರು ಮಾತ್ರ. ಅಶೋಕ್ ಟ್ರಾನ್ಸ್‌ಪೋರ್ಟ್ ಏಜೆನ್ಸಿ ವಿರುದ್ಧ ಅವಧೇಶ್ ಕುಮಾರ್ ಪ್ರಕರಣದಲ್ಲಿ 1998ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಮಾತನ್ನು ಸ್ಪಷ್ಟಪಡಿಸಿದೆ. ಏಕಮಾಲೀಕನು ತೀರಿಕೊಂಡ ಮೇಲೆ ಆ ವ್ಯವಹಾರಕ್ಕೆ ಸಂಬಂಧಿಸಿದ ದಾವೆಯನ್ನು ಹೂಡಲು ಆತನ ಕಾನೂನುಬದ್ಧ ಪ್ರತಿನಿಧಿಗಳಿಗೆ ಮಾತ್ರ ಹಕ್ಕಿದೆ. ದಾವೆಯನ್ನು ಎದುರಿಸಬೇಕಾದವರೂ ಅವರೇ. ಅಂಗಡಿಯ ಹೆಸರಿನಲ್ಲಿ ಹೂಡಿದ ದಾವೆಗೆ ಬೆಲೆಯಿಲ್ಲ.

ಕಂಪನಿಯ ಸ್ಥಿತಿ ಬೇರೆ. ಕಾಫಿ ಡೇ ಸಂಸ್ಥೆಯ ವಿ.ಜಿ. ಸಿದ್ಧಾರ್ಥ ಅವರು 2019ರ ಜುಲೈನಲ್ಲಿ ನಿಧನರಾದಾಗ ಕಂಪನಿ ಉಳಿಯಿತು, ಅದರ ಆಸ್ತಿಯೂ ಸಾಲವೂ ಕಂಪನಿಯ ಹೆಸರಿನಲ್ಲಿಯೇ ಮುಂದುವರಿದವು. 2020ರ ಡಿಸೆಂಬರಿನಲ್ಲಿ ಅವರ ಪತ್ನಿ ಮಾಳವಿಕಾ ಹೆಗ್ಡೆ ಅವರು ಮುಖ್ಯ ಕಾರ್ಯನಿರ್ವಹಣಾಧಿಕಾರಿಯಾದರು. ಆಘಾತ ಎಷ್ಟೇ ದೊಡ್ಡದಿದ್ದರೂ ಅಲ್ಲಿ ಖಾತೆಗೆ ಸಹಿ ಹಾಕುವ ಅಧಿಕಾರವನ್ನು ಆಡಳಿತ ಮಂಡಳಿಯ ಒಂದು ನಿರ್ಣಯದಿಂದ ಮತ್ತೊಬ್ಬರಿಗೆ ಕೊಡಲು ಸಾಧ್ಯ. ಏಕಮಾಲೀಕತ್ವದಲ್ಲಿ ಅಂತಹ ನಿರ್ಣಯ ಮಾಡಬಲ್ಲವರೇ ಇಲ್ಲ. ಮಾಲೀಕನ ಉಸಿರು ನಿಂತ ಕ್ಷಣದಲ್ಲಿ ದಾಸ್ತಾನು, ಯಂತ್ರ, ಬರಬೇಕಾದ ಬಾಕಿ, ಕೊಡಬೇಕಾದ ಸಾಲ ಎಲ್ಲವೂ ಮನೆ, ಜಮೀನುಗಳ ಜೊತೆಗೆ ಸೇರಿ ಆತನ 'ಆಸ್ತಿ' ಎಂಬ ಒಂದೇ ರಾಶಿಯಾಗುತ್ತವೆ.

ಆ ರಾಶಿ ಯಾರದೆಂಬುದನ್ನು ವೈಯಕ್ತಿಕ ಕಾನೂನು ನಿರ್ಧರಿಸುತ್ತದೆ. ಹಿಂದೂ ವರ್ತಕನು ಉಯಿಲು ಬರೆಯದೆ ತೀರಿಕೊಂಡರೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 8ನೆಯ ಕಲಮಿನಂತೆ ಆತನ ಸ್ವಂತ ಆಸ್ತಿಯು ಮೊದಲ ವರ್ಗದ ವಾರಸುದಾರರಿಗೆ ಹೋಗುತ್ತದೆ. ಪತ್ನಿ, ಪ್ರತಿಯೊಬ್ಬ ಮಗ, ಪ್ರತಿಯೊಬ್ಬ ಮಗಳು, ಜೀವಂತವಿದ್ದರೆ ತಾಯಿ, ಇವರಿಗೆಲ್ಲ ಸಮಪಾಲು. ಗಿರಣಿಯಲ್ಲಿ ಹತ್ತು ವರ್ಷ ದುಡಿದ ಹಿರಿಯ ಮಗನಿಗೆ ಹೆಚ್ಚಿನ ಪಾಲು ತಾನಾಗಿ ಬರುವುದಿಲ್ಲ. ಮದುವೆಯಾಗಿ ಮುಂಬಯಿಯಲ್ಲಿ ನೆಲೆಸಿದ ಮಗಳ ಪಾಲು ಕಡಿಮೆಯಾಗುವುದೂ ಇಲ್ಲ. ಭಟ್ಕಳದ ಮುಸ್ಲಿಂ ವರ್ತಕರ ವಿಷಯದಲ್ಲಿ ಅಂತ್ಯಸಂಸ್ಕಾರದ ವೆಚ್ಚ ಮತ್ತು ಸಾಲ ತೀರಿದ ಮೇಲೆ ಉಳಿದದ್ದು ಶರೀಯತ್ತಿನ ನಿಯತ ಪಾಲುಗಳಲ್ಲಿ ಹಂಚಿಕೆಯಾಗುತ್ತದೆ. ಮಕ್ಕಳಿರುವಾಗ ಪತ್ನಿಗೆ ಎಂಟನೆಯ ಒಂದು ಪಾಲು, ಮಗನ ಪಾಲಿನ ಅರ್ಧ ಮಗಳಿಗೆ. ವಸಿಯತ್ತಿನ ಮೂಲಕ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಕೊಡಬೇಕಾದರೆ ವಾರಸುದಾರರ ಒಪ್ಪಿಗೆ ಬೇಕು. ಕ್ರೈಸ್ತ ಕುಟುಂಬಗಳಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಅನ್ವಯಿಸುತ್ತದೆ. ಮಕ್ಕಳಿದ್ದರೆ ಪತ್ನಿಗೆ ಮೂರನೆಯ ಒಂದು ಭಾಗ, ಉಳಿದದ್ದು ಮಕ್ಕಳಿಗೆ. ಹಿಂದೂ ಅವಿಭಕ್ತ ಕುಟುಂಬದ ವ್ಯಾಪಾರವು ಇವೆಲ್ಲಕ್ಕಿಂತ ಭಿನ್ನವಾದುದು. ಅದರ ವಿಚಾರ ಈ ಲೇಖನದ ವ್ಯಾಪ್ತಿಗೆ ಸೇರಿಲ್ಲ.

ಬ್ಯಾಂಕಿನ ಖಾತೆ

ಮರಣದ ಸುದ್ದಿ ತಲುಪಿದ ಕೂಡಲೇ ಬ್ಯಾಂಕು ಖಾತೆಯಿಂದ ಹಣ ಪಾವತಿಸುವುದನ್ನು ನಿಲ್ಲಿಸುತ್ತದೆ. ಚೆಕ್ಕಿನ ಮೂಲಕ ಗ್ರಾಹಕನು ಬ್ಯಾಂಕಿಗೆ ಕೊಟ್ಟ ಆಜ್ಞೆಯು ಆತನ ಮರಣದೊಂದಿಗೆ ಕೊನೆಗೊಳ್ಳುತ್ತದೆ ಎಂಬುದು ಇದರ ಹಿಂದಿನ ತತ್ತ್ವ. ಮಗನಿಗೆ ಕೊಟ್ಟಿದ್ದ ಅಧಿಕಾರ ಪತ್ರ ಕೂಡ ಅಂದಿಗೇ ಮುಗಿಯಿತು. 1872ರ ಕರಾರು ಕಾಯಿದೆಯ 201ನೆಯ ಕಲಮಿನ ಪ್ರಕಾರ ಪ್ರಧಾನನು ತೀರಿಕೊಂಡರೆ ಪ್ರತಿನಿಧಿಯ ಅಧಿಕಾರ ಉಳಿಯುವುದಿಲ್ಲ. 'ಪವರ್ ಆಫ್ ಅಟಾರ್ನಿ ಇದೆ, ಚಿಂತೆಯಿಲ್ಲ' ಎಂಬ ನಂಬಿಕೆ ಪೇಟೆಯಲ್ಲಿ ವ್ಯಾಪಕವಾಗಿದೆ. ಮಾಲೀಕನು ಆಸ್ಪತ್ರೆಯಲ್ಲಿರುವಾಗ ಅದು ಉಪಯೋಗಕ್ಕೆ ಬರುತ್ತದೆಯೇ ಹೊರತು ಸ್ಮಶಾನದಿಂದ ಹಿಂದಿರುಗಿದ ಮೇಲಲ್ಲ. ಮೃತನ ಎ.ಟಿ.ಎಂ. ಕಾರ್ಡಿನಿಂದಲೋ ಮೊಬೈಲಿನಿಂದಲೋ ಹಣ ತೆಗೆಯುವ ಪ್ರಲೋಭನೆ ದುಃಖದ ದಿನಗಳ ಅವಸರದಲ್ಲಿ ಸಹಜವೇ. ಆದರೆ ಮುಂದೆ ಸಹವಾರಸುದಾರರೊಬ್ಬರು ತಕರಾರು ಎತ್ತಿದರೆ ಅದು ವಂಚನೆಯ ಆರೋಪವಾಗಿ ನಿಲ್ಲುತ್ತದೆ.

ನಾಮನಿರ್ದೇಶನದ ಸೌಲಭ್ಯ ವೈಯಕ್ತಿಕ ಖಾತೆಗಳಿಗೆ ಮಾತ್ರವೆಂದು ಅನೇಕರು ತಿಳಿದಿದ್ದಾರೆ. ಏಕಮಾಲೀಕತ್ವದ ಚಾಲ್ತಿ ಖಾತೆಗೂ ನಾಮಿನಿಯನ್ನು ಸೂಚಿಸಬಹುದು. 2025ರ ನವೆಂಬರ್ 1ರಿಂದ ಜಾರಿಗೆ ಬಂದ ಬ್ಯಾಂಕಿಂಗ್ ಕಾನೂನುಗಳ ತಿದ್ದುಪಡಿಯಂತೆ ಒಂದು ಠೇವಣಿ ಖಾತೆಗೆ ನಾಲ್ವರವರೆಗೆ ನಾಮಿನಿಗಳನ್ನು, ಅವರ ಪಾಲಿನ ಶೇಕಡಾವಾರು ಸಹಿತ, ಹೆಸರಿಸಲು ಅವಕಾಶವಾಗಿದೆ. ನಾಮಿನಿ ಇದ್ದರೆ ಬ್ಯಾಂಕು ವಾರಸಾ ಪತ್ರವನ್ನು ಕೇಳದೆ ಹಣ ಕೊಡುತ್ತದೆ. ಆದರೆ ಹಣ ಕೈಗೆ ಬಂದ ಮಾತ್ರಕ್ಕೆ ನಾಮಿನಿಯು ಅದರ ಒಡೆಯನಾಗುವುದಿಲ್ಲ. ಜೀವವಿಮೆಯ ವಿಷಯದಲ್ಲಿ 1984ರ ಸರ್ಬತಿ ದೇವಿ ಪ್ರಕರಣ, ಬ್ಯಾಂಕು ಠೇವಣಿಯ ವಿಷಯದಲ್ಲಿ 2010ರ ರಾಮಚಂದರ್ ತಲ್ವಾರ್ ಪ್ರಕರಣ, ಷೇರುಗಳ ವಿಷಯದಲ್ಲಿ 2023ರ ಡಿಸೆಂಬರಿನ ಶಕ್ತಿ ಯಜ್ದಾನಿ ಪ್ರಕರಣ: ಮೂರರಲ್ಲಿಯೂ ಸರ್ವೋಚ್ಚ ನ್ಯಾಯಾಲಯವು ಹೇಳಿದ್ದರ ಸಾರ ಒಂದೇ. ನಾಮಿನಿಯು ಹಣವನ್ನು ಪಡೆದು ವಾರಸುದಾರರಿಗಾಗಿ ಇಟ್ಟುಕೊಳ್ಳುವವನು. ಜೀವವಿಮೆಯಲ್ಲಿ ಮಾತ್ರ 2015ರ ತಿದ್ದುಪಡಿಯ ನಂತರ ಪತಿ, ಪತ್ನಿ, ತಂದೆ ತಾಯಿ, ಮಕ್ಕಳು ನಾಮಿನಿಗಳಾಗಿದ್ದರೆ ಅವರಿಗೇ ಹಣದ ಹಕ್ಕು ದೊರೆಯುವ ವ್ಯವಸ್ಥೆಯಾಗಿದೆ.

ನಾಮಿನಿ ಇಲ್ಲದಿದ್ದರೆ ದಾರಿ ಪೂರ್ತಿ ಮುಚ್ಚುವುದಿಲ್ಲ. ರಿಸರ್ವ್ ಬ್ಯಾಂಕು 2025ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ನಿರ್ದೇಶನಗಳು ಒಂದು ಮಿತಿಯೊಳಗಿನ ಮೊತ್ತಕ್ಕೆ ಸರಳ ವಿಧಾನವನ್ನು ವಿಧಿಸಿವೆ. ವಾಣಿಜ್ಯ ಬ್ಯಾಂಕುಗಳಲ್ಲಿ ಕನಿಷ್ಠ 15 ಲಕ್ಷ ರೂಪಾಯಿ, ಸಹಕಾರಿ ಬ್ಯಾಂಕುಗಳಲ್ಲಿ 5 ಲಕ್ಷ ರೂಪಾಯಿ. ಈ ಮಿತಿಯೊಳಗೆ ಮರಣ ಪ್ರಮಾಣಪತ್ರ, ವಾರಸುದಾರರ ಗುರುತಿನ ದಾಖಲೆ, ನಷ್ಟಭರ್ತಿ ಪತ್ರ, ಹಕ್ಕು ಕೇಳದ ವಾರಸುದಾರರ ಒಪ್ಪಿಗೆ ಇತ್ಯಾದಿಗಳನ್ನು ಒಪ್ಪಿಸಿದರೆ ಸಾಕು. ದಾಖಲೆಗಳೆಲ್ಲ ಪೂರ್ಣವಾದ ಮೇಲೆ 15 ದಿನಗಳಲ್ಲಿ ಕ್ಲೇಮು ಇತ್ಯರ್ಥವಾಗಬೇಕು. ತಡವಾದರೆ ಬ್ಯಾಂಕು ಬಡ್ಡಿ ಸಹಿತ ಪರಿಹಾರ ಕೊಡಬೇಕು. ಕರಾವಳಿಯಲ್ಲಿ ವರ್ತಕರ ಹಣ ಬ್ಯಾಂಕುಗಳಲ್ಲಿ ಮಾತ್ರ ಇರುವುದಿಲ್ಲ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕು ಆರಂಭಿಸಿದ ಪಿಗ್ಮಿ ಪದ್ಧತಿಯು ಇಂದು ಪತ್ತಿನ ಸಹಕಾರಿ ಸಂಘಗಳಲ್ಲಿಯೂ ಬೇರೂರಿದೆ. ಪತ್ತಿನ ಸಂಘವು ಬ್ಯಾಂಕಲ್ಲವಾದ್ದರಿಂದ ಮೇಲಿನ ನಿರ್ದೇಶನಗಳು ಅದಕ್ಕೆ ಅನ್ವಯಿಸುವುದಿಲ್ಲ. ಅಲ್ಲಿ ಸಹಕಾರ ಕಾಯಿದೆ ಮತ್ತು ಸಂಘದ ಉಪವಿಧಿಯೇ ಪ್ರಮಾಣ.

ಖಾತೆಯಿಂದ ಹಣ ಹೋಗುವುದು ನಿಂತರೂ ಬರುವುದು ನಿಲ್ಲುವುದಿಲ್ಲ. ಭಟ್ಕಳದ ಅಂಗಡಿಯವನು ಸುದ್ದಿ ತಿಳಿಯದೆ ಎಣ್ಣೆಯ ಹಣವನ್ನು ಅದೇ ಖಾತೆಗೆ ಕಳುಹಿಸಬಹುದು. ಗಿರಣಿಯ ಮೇಜಿನ ಮೇಲಿನ ಕ್ಯೂಆರ್ ಫಲಕದ ಮೂಲಕವೂ ಹಣ ಬೀಳುತ್ತಿರಬಹುದು. ಇದಕ್ಕೆ ರಿಸರ್ವ್ ಬ್ಯಾಂಕಿನ 2005ರ ಜೂನ್ ತಿಂಗಳ ಸುತ್ತೋಲೆಯಲ್ಲಿಯೇ ಪರಿಹಾರವಿತ್ತು. ವಾರಸುದಾರರ ಅಥವಾ ನಾಮಿನಿಯ ಒಪ್ಪಿಗೆಯಿಂದ ಬ್ಯಾಂಕು 'ಮೃತ ಶ್ರೀ ಇಂತಹವರ ಆಸ್ತಿ' ಎಂಬ ಶೀರ್ಷಿಕೆಯ ಖಾತೆಯನ್ನು ತೆರೆದು ಬರುವ ಹಣವನ್ನು ಅದಕ್ಕೆ ಜಮಾ ಮಾಡಬಹುದು, ಆದರೆ ಅದರಿಂದ ಹಣ ತೆಗೆಯುವಂತಿಲ್ಲ. ಇಲ್ಲವೇ ಖಾತೆದಾರ ಮೃತನೆಂದು ನಮೂದಿಸಿ ಕಳುಹಿಸಿದವನಿಗೇ ಹಿಂದಿರುಗಿಸಬಹುದು. ಬ್ಯಾಂಕಿನ ವ್ಯವಸ್ಥಾಪಕರನ್ನು ಮೊದಲ ದಿನ ಕಾಣುವಾಗಲೇ ಈ ಶೀರ್ಷಿಕೆಯ ಖಾತೆಯ ವಿಷಯವನ್ನು ಕೇಳಿದರೆ ಮುಂದಿನ ಅರ್ಧ ಗೊಂದಲ ತಪ್ಪುತ್ತದೆ.

ಚೆಕ್ಕುಗಳ ವಿಚಾರವನ್ನು ಎರಡು ಕಡೆಯಿಂದಲೂ ನೋಡಬೇಕು. ಮೃತನು ಕೊಟ್ಟಿದ್ದ ಚೆಕ್ಕು ಹಿಂದಿರುಗಿದರೆ ಆತನ ಪತ್ನಿ ಮಕ್ಕಳ ಮೇಲೆ 138ನೆಯ ಕಲಮಿನ ಕ್ರಿಮಿನಲ್ ಪ್ರಕರಣ ನಡೆಯದು. ಚೆಕ್ಕಿಗೆ ಸಹಿ ಮಾಡಿದವರು ಅವರಲ್ಲ. ಸಾಲ ಮಾತ್ರ ಉಳಿಯುತ್ತದೆ, ಅದನ್ನು ಸಿವಿಲ್ ಮಾರ್ಗದಲ್ಲಿ ವಸೂಲು ಮಾಡಬೇಕು. ಮೃತನ ಹೆಸರಿಗೆ ಬಂದಿರುವ ಚೆಕ್ಕಿನ ಆಯುಸ್ಸು ಮೂರೇ ತಿಂಗಳು. ಆಸ್ತಿಯ ಹೆಸರಿನ ಖಾತೆ ಅಷ್ಟರೊಳಗೆ ತೆರೆಯದಿದ್ದರೆ ಆ ಚೆಕ್ಕನ್ನು ಕೊಟ್ಟವನಲ್ಲಿಗೆ ಮತ್ತೆ ಹೋಗಿ ಹೊಸದನ್ನು ಕೇಳಬೇಕಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ರೈತರ ಒತ್ತಾಯಕ್ಕೆ ಮಣಿದು ಮಗನೊಬ್ಬ ತಂದೆಯ ಬಾಕಿಗಾಗಿ ತನ್ನ ಸಹಿಯ ಚೆಕ್ಕನ್ನೋ ವಚನಪತ್ರವನ್ನೋ ಬರೆದುಕೊಟ್ಟರೆ, 1881ರ ಸಂಕ್ರಮಣೀಯ ಪತ್ರಗಳ ಕಾಯಿದೆಯ 29ನೆಯ ಕಲಮಿನಂತೆ ಆತ ವೈಯಕ್ತಿಕವಾಗಿ ಹೊಣೆಗಾರನಾಗುತ್ತಾನೆ. 'ತಂದೆಯ ಆಸ್ತಿಯಿಂದ ನನ್ನ ಕೈಗೆ ಬಂದಷ್ಟಕ್ಕೆ ಮಾತ್ರ' ಎಂದು ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಅದರಿಂದ ಪಾರಾಗಬಹುದು. ಮರ್ಯಾದೆ ಉಳಿಸಿಕೊಳ್ಳುವ ಆತುರದಲ್ಲಿ ಹಾಕಿದ ಒಂದು ಸಹಿ, ಸೀಮಿತವಾಗಿದ್ದ ಸಾಲವನ್ನು ಅಸೀಮಿತಗೊಳಿಸುತ್ತದೆ.

ಸಾಲದ ಹೊಣೆ ಎಲ್ಲಿಯವರೆಗೆ

ತಂದೆಯ ಸಾಲ ತೀರಿಸುವುದು ಮಗನ ಧರ್ಮವೆಂಬ ಭಾವನೆ ನಮ್ಮ ಕುಟುಂಬಗಳಲ್ಲಿ ಗಾಢವಾಗಿದೆ. ಹಿಂದೂ ಕಾನೂನಿನಲ್ಲಿಯೂ ಒಂದು ಕಾಲಕ್ಕೆ ಅದಕ್ಕೆ ಬಲವಿತ್ತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಉತ್ತರಾಧಿಕಾರ ತಿದ್ದುಪಡಿ ಕಾಯಿದೆಯು, ಆ ನಂತರ ಮಾಡಿದ ಸಾಲಗಳ ಮಟ್ಟಿಗೆ ಅಂತಹ ಧಾರ್ಮಿಕ ಹೊಣೆಯ ಆಧಾರದ ಮೇಲೆ ಮಗನ ಅಥವಾ ಮೊಮ್ಮಗನ ವಿರುದ್ಧ ದಾವೆ ಹೂಡುವುದನ್ನು ನಿಷೇಧಿಸಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 50 ಮತ್ತು 52ನೆಯ ಕಲಮುಗಳ ಪ್ರಕಾರ ವಾರಸುದಾರನು ಮೃತನ ಆಸ್ತಿಯಲ್ಲಿ ತನ್ನ ಕೈಗೆ ಬಂದ ಮೌಲ್ಯದಷ್ಟಕ್ಕೆ ಮಾತ್ರ ಹೊಣೆ. ಆಸ್ತಿ ಹತ್ತು ಲಕ್ಷ, ಸಾಲ ಹದಿನೈದು ಲಕ್ಷ ಇದ್ದರೆ ಉಳಿದ ಐದು ಲಕ್ಷಕ್ಕೆ ಮಗನ ಸ್ವಂತ ಸಂಬಳವನ್ನು ಜಪ್ತಿ ಮಾಡಿಸಲಾಗದು. ಆದರೆ ಕೈಗೆ ಬಂದುದಕ್ಕೆ ಲೆಕ್ಕ ಕೊಡಬೇಕಾದವನು ವಾರಸುದಾರನೇ. ದಾಸ್ತಾನಿನ ಪಟ್ಟಿಯನ್ನೇ ಮಾಡದೆ ಡಬ್ಬಗಳನ್ನು ಒಂದೊಂದಾಗಿ ಮಾರಿದವನು, ನನ್ನ ಕೈಗೆ ಬಂದದ್ದು ಇಷ್ಟೇ ಎಂದು ನ್ಯಾಯಾಲಯಕ್ಕೆ ಮನವರಿಕೆ ಮಾಡಿಕೊಡುವುದು ಹೇಗೆ? ಮರಣದ ದಿನಾಂಕಕ್ಕೆ ದಾಸ್ತಾನು, ನಗದು, ಬಾಕಿಗಳ ಯಾದಿಯನ್ನು ಬರೆದು ಎಲ್ಲ ವಾರಸುದಾರರೂ ಇಬ್ಬರು ಸಾಕ್ಷಿಗಳೂ ಸಹಿ ಮಾಡಿದ ಒಂದು ಹಾಳೆ ಇಂತಹ ಸಂದರ್ಭದಲ್ಲಿ ವಕೀಲರ ವಾದಕ್ಕಿಂತ ಹೆಚ್ಚು ಬಲವುಳ್ಳದ್ದು.

ಈ ರಕ್ಷಣೆಯು ಜಾಮೀನುದಾರರಿಗೆ ಇಲ್ಲ. ಸಣ್ಣ ವ್ಯಾಪಾರದ ಕ್ಯಾಶ್ ಕ್ರೆಡಿಟ್ ಸಾಲಕ್ಕೆ ಪತ್ನಿಯನ್ನೋ ಮಗನನ್ನೋ ಜಾಮೀನುದಾರರನ್ನಾಗಿ ಮಾಡುವುದು ರೂಢಿ. ಪತ್ನಿಯು ವಾರಸುದಾರಳಾಗಿ ಆಸ್ತಿಯ ಮಟ್ಟಿಗೆ ಮಾತ್ರ ಹೊಣೆಯಾದರೂ ಜಾಮೀನುದಾರಳಾಗಿ ಕರಾರು ಕಾಯಿದೆಯ 128ನೆಯ ಕಲಮಿನಂತೆ ಸಾಲಗಾರನಷ್ಟೇ ಹೊಣೆ ಹೊರುತ್ತಾಳೆ. ತವರಿನಿಂದ ಬಂದ ಆಕೆಯ ಜಮೀನೂ ಆ ಹೊಣೆಯಿಂದ ಹೊರಗಲ್ಲ. ಬ್ಯಾಂಕಿನ ಕಾಗದಗಳಿಗೆ 'ಇಲ್ಲಿ ಸಹಿ ಮಾಡು' ಎಂದಾಗ ಸಹಿ ಮಾಡಿದ್ದರ ಅರ್ಥ ಆಕೆಗೆ ತಿಳಿಯುವುದು ಹೀಗೆ, ಇಂತಹ ದಿನ. ಅಡವಿಟ್ಟ ಯಂತ್ರ, ದಾಸ್ತಾನು, ಕಟ್ಟಡಗಳ ಮೇಲಿನ ಬ್ಯಾಂಕಿನ ಹಕ್ಕು ಕೂಡ ಮರಣದಿಂದ ಅಳಿಯುವುದಿಲ್ಲ.

ವರ್ತಕನ ಜೀವವಿಮೆಯು ಹೆಚ್ಚಾಗಿ ಸಾಲಗಾರರ ಕಣ್ಣಿಗೆ ಬೀಳುವ ಮೊದಲ ಹಣ. 1874ರ ವಿವಾಹಿತ ಸ್ತ್ರೀಯರ ಸ್ವತ್ತು ಕಾಯಿದೆಯ 6ನೆಯ ಕಲಮಿನಡಿ ಪತ್ನಿ ಮಕ್ಕಳ ಹಿತಕ್ಕಾಗಿ ಎಂದು ನಮೂದಿಸಿ ಪಾಲಿಸಿ ಪಡೆದಿದ್ದರೆ ಅದು ವಿಶ್ವಸ್ತ ನಿಧಿಯಂತಾಗಿ ಸಾಲಗಾರರ ಕೈಗೆ ಸಿಗುವುದಿಲ್ಲ. ಪಾಲಿಸಿ ಪಡೆಯುವ ಸಮಯದಲ್ಲಿಯೇ ಈ ನಮೂದು ಆಗಬೇಕು. ನೂರೈವತ್ತು ವರ್ಷಗಳ ಹಿಂದಿನ ಈ ಕಾಯಿದೆಯನ್ನು ಬಳಸಿಕೊಂಡ ವರ್ತಕರು ನಮ್ಮಲ್ಲಿ ವಿರಳ.

ಬರಬೇಕಾದ ಬಾಕಿ

ಕೊಡಬೇಕಾದುದಕ್ಕಿಂತ ಬರಬೇಕಾದುದೇ ಕಷ್ಟದ್ದು. ಭಾರತೀಯ ಉತ್ತರಾಧಿಕಾರ ಕಾಯಿದೆಯ 214ನೆಯ ಕಲಮನ್ನು ಪ್ರತಿಯೊಬ್ಬ ವರ್ತಕನ ಕುಟುಂಬವೂ ತಿಳಿದಿರಬೇಕು. ಮೃತನಿಗೆ ಸಲ್ಲಬೇಕಾದ ಸಾಲದ ವಸೂಲಿಗೆ ವಾರಸುದಾರರು ಹೂಡಿದ ದಾವೆಯಲ್ಲಿ, ಉತ್ತರಾಧಿಕಾರ ಪ್ರಮಾಣಪತ್ರ, ಪ್ರೊಬೇಟ್ ಅಥವಾ ಆಡಳಿತ ಪತ್ರ ಹಾಜರಾಗದ ಹೊರತು ನ್ಯಾಯಾಲಯವು ಡಿಕ್ರಿ ಕೊಡುವಂತಿಲ್ಲ. ನಾಡಕಚೇರಿಯಿಂದ ದೊರೆಯುವ ಬದುಕುಳಿದ ಕುಟುಂಬ ಸದಸ್ಯರ ದೃಢೀಕರಣ ಅಥವಾ ವಂಶವೃಕ್ಷವು ಬ್ಯಾಂಕು, ಕಚೇರಿಗಳಲ್ಲಿ ಉಪಯುಕ್ತವಾದರೂ ಈ ಪ್ರಮಾಣಪತ್ರಕ್ಕೆ ಬದಲಿಯಾಗದು. ಮೃತನು ವಾಸವಿದ್ದ ವ್ಯಾಪ್ತಿಯ ಅಧಿಕಾರವುಳ್ಳ ನ್ಯಾಯಾಲಯಕ್ಕೆ 372ನೆಯ ಕಲಮಿನಡಿ ಅರ್ಜಿ ಸಲ್ಲಿಸಬೇಕು. ಅರ್ಜಿಯಲ್ಲಿ ಯಾರಿಂದ ಎಷ್ಟು ಬರಬೇಕೆಂಬ ವಿವರ ಕೊಡಬೇಕು. ವಿವರವನ್ನು ಮೃತನು ತಲೆಯಲ್ಲಿಟ್ಟುಕೊಂಡಿದ್ದರೆ ಅದು ಆತನೊಂದಿಗೇ ಹೋಯಿತು. ಕಿರ್ದಿ ಖತಾವಣಿಗಳನ್ನು ದಿನದಿನವೂ ಬರೆಯುತ್ತಿದ್ದ ಹಳೆಯ ಸಾಹುಕಾರರ ಶಿಸ್ತು ಈ ಒಂದು ವಿಷಯದಲ್ಲಾದರೂ ಇಂದಿನ ಮೊಬೈಲ್ ಸಂದೇಶಗಳ ಲೆಕ್ಕಕ್ಕಿಂತ ಮೇಲಾಗಿತ್ತು.

ಕೊಡಬೇಕಾದ ಅಂಗಡಿಕಾರನಿಗೂ ಈ ಪ್ರಮಾಣಪತ್ರ ಆಸರೆ. ಹಿರಿಯ ಮಗನಿಗೆ ಸದ್ಭಾವನೆಯಿಂದ ಹಣ ಕೊಟ್ಟ ಮೇಲೆ ಮಗಳು ಬಂದು ತನ್ನ ಪಾಲನ್ನು ಕೇಳಿದರೆ? ಪ್ರಮಾಣಪತ್ರ ಹೊಂದಿದವರಿಗೆ ಸದ್ಭಾವನೆಯಿಂದ ಕೊಟ್ಟ ಹಣಕ್ಕೆ 381ನೆಯ ಕಲಮು ಪೂರ್ಣ ವಿಮೋಚನೆ ನೀಡುತ್ತದೆ. ಪ್ರಮಾಣಪತ್ರವಿಲ್ಲದೆ ಸ್ನೇಹದಿಂದಲೇ ಲೆಕ್ಕ ಮುಗಿಸುವುದಾದರೆ ಎಲ್ಲ ವಾರಸುದಾರರ ಸಹಿಯುಳ್ಳ ಪಾವತಿಯನ್ನು ಪಡೆಯುವುದು ಕ್ಷೇಮ.

ಕಾಲಮಿತಿಯು ಶೋಕಕ್ಕಾಗಿ ಕಾಯುವುದಿಲ್ಲ. ಸರಕಿನ ಬಾಕಿಗೆ ಸಾಮಾನ್ಯವಾಗಿ ಮೂರು ವರ್ಷದ ಅವಧಿ. ಒಮ್ಮೆ ಓಡಲು ಆರಂಭಿಸಿದ ಕಾಲವು ಮಾಲೀಕನ ಮರಣದಿಂದ ನಿಲ್ಲದು. ಎರಡೂವರೆ ವರ್ಷ ಹಳೆಯ ಬಾಕಿಯಿದ್ದರೆ ಅಂಗಡಿಕಾರನಿಂದ ಅವಧಿ ಮುಗಿಯುವ ಮೊದಲೇ ಲಿಖಿತ ಒಪ್ಪಿಗೆ ಪಡೆದುಕೊಳ್ಳಬೇಕು, ಆಗ ಅಂದಿನಿಂದ ಹೊಸ ಮೂರು ವರ್ಷ ಸಿಗುತ್ತದೆ. ಮೃತನು ಆಗಲೇ ಹೂಡಿದ್ದ ದಾವೆ ಇದ್ದರೆ 90 ದಿನಗಳೊಳಗೆ ವಾರಸುದಾರರನ್ನು ದಾಖಲೆಗೆ ತರಬೇಕು. ಇಲ್ಲವಾದರೆ ದಾವೆ ರದ್ದಾಗುತ್ತದೆ. ಅದನ್ನು ತೆರವುಗೊಳಿಸಲು ಇನ್ನು 60 ದಿನಗಳ ಅವಕಾಶವಿದೆ. ತಂದೆ ಹೂಡಿದ್ದ ದಾವೆಯ ವಿಷಯವೇ ಮನೆಯವರಿಗೆ ಗೊತ್ತಿಲ್ಲದೆ ಈ ಗಡುವು ಕಳೆದುಹೋಗುವುದುಂಟು.

ಕರಾರುಗಳು

ಮನುಷ್ಯ ಸತ್ತರೆ ಮಾತೂ ಸತ್ತಿತೆಂಬುದು ತಪ್ಪು ಕಲ್ಪನೆ. ಕರಾರು ಕಾಯಿದೆಯ 37ನೆಯ ಕಲಮು, ಕರಾರಿನಲ್ಲಿ ಬೇರೆ ಉದ್ದೇಶ ಕಾಣದಿದ್ದರೆ ಮೃತನ ವಚನಗಳು ಆತನ ಪ್ರತಿನಿಧಿಗಳನ್ನು ಬಂಧಿಸುತ್ತವೆ ಎನ್ನುತ್ತದೆ. ಗಿರಣಿಯ ಮಾಲೀಕನು ನಿಶ್ಚಿತ ದರಕ್ಕೆ ನೂರು ಡಬ್ಬ ಎಣ್ಣೆ ಕೊಡುವುದಾಗಿ ಹೊನ್ನಾವರದ ವ್ಯಾಪಾರಿಯೊಡನೆ ಒಪ್ಪಿಕೊಂಡಿದ್ದರೆ, ನಡುವೆ ಕೊಬ್ಬರಿಯ ದರ ಏರಿದರೂ ವಾರಸುದಾರರು ಆ ದರಕ್ಕೇ ಕೊಡಬೇಕು. ಕೊಡದಿದ್ದರೆ ಆದ ನಷ್ಟವನ್ನು ವ್ಯಾಪಾರಿಯು ಆಸ್ತಿಯಿಂದ ಕೇಳಬಹುದು. ಅದೇ ರೀತಿ ಕೊಬ್ಬರಿ ಪೂರೈಸಲು ಮುಂಗಡ ಪಡೆದ ರೈತನು, ಒಡೆಯನೇ ಹೋದನಲ್ಲ ಎಂದು ಮುಂಗಡವನ್ನು ನುಂಗುವಂತಿಲ್ಲ.

ವ್ಯಕ್ತಿಯ ಕೌಶಲವೇ ಕರಾರಿನ ಜೀವವಾಗಿರುವಲ್ಲಿ ನಿಯಮ ಬೇರೆ. ದೋಣಿ ಕಟ್ಟಿಕೊಡಲು ಒಪ್ಪಿದ ಮೇಸ್ತ್ರಿಯ ಕೈಚಳಕವನ್ನೇ ನಂಬಿ ಕರಾರು ಮಾಡಿಕೊಂಡಿದ್ದರೆ, ಆತನ ಮರಣಾನಂತರ ಮಗನು ದೋಣಿ ಕಟ್ಟಲೇಬೇಕೆಂದು ಒತ್ತಾಯಿಸಲಾಗದು. ಪಡೆದ ಮುಂಗಡವನ್ನು ಹಿಂದಿರುಗಿಸುವ ಹೊಣೆ ಮಾತ್ರ ಆಸ್ತಿಯ ಮೇಲೆ ಉಳಿಯುತ್ತದೆ. ಕಂಪನಿಯೊಂದರ ಏಜೆನ್ಸಿಯೂ ಏಜೆಂಟನ ಮರಣದಿಂದ ಮುಗಿಯುತ್ತದೆ. ಡೀಲರುಗಳ ಒಪ್ಪಂದಗಳಲ್ಲಿ ವಾರಸುದಾರರಿಗೆ ಅವಕಾಶ ಕೊಡುವ ಷರತ್ತು ಇದೆಯೇ ಎಂಬುದನ್ನು ಬದುಕಿರುವಾಗಲೇ ಓದಿಕೊಳ್ಳಬೇಕು. ಅಡತಿ ವ್ಯಾಪಾರದಲ್ಲಿ ಮತ್ತೊಂದು ಸೂಕ್ಷ್ಮವಿದೆ. ಮಾರಿಕೊಡಲೆಂದು ರೈತರು ಇಟ್ಟ ಅಡಿಕೆಯ ಚೀಲಗಳು ಅಡತಿಯವನ ಆಸ್ತಿಯಲ್ಲ. ಅವನ್ನು ದಾಸ್ತಾನಿನ ಯಾದಿಯಲ್ಲಿ ಬೇರೆಯಾಗಿಯೇ ತೋರಿಸಬೇಕು.

ಬಾಡಿಗೆಯ ಕಟ್ಟಡದ ಗೇಣಿ ಹಕ್ಕು ಸಾಮಾನ್ಯವಾಗಿ ವಾರಸುದಾರರಿಗೆ ಇಳಿಯುತ್ತದೆ. 'ಲೈಸೆನ್ಸ್' ಎಂದು ಬರೆದ ಕರಾರಿನಲ್ಲಿ ಆ ಭರವಸೆ ಇಲ್ಲ. ಬೆಂಕಿ ವಿಮೆಯ ಪ್ರಮಾಣಿತ ಪಾಲಿಸಿಯಲ್ಲಿ ಉಯಿಲಿನಿಂದ ಅಥವಾ ಕಾನೂನಿನ ಬಲದಿಂದ ಹಕ್ಕು ಬದಲಾದರೆ ರಕ್ಷಣೆ ತಪ್ಪುವುದಿಲ್ಲ. ಆದರೂ ವಿಮಾ ಕಂಪನಿಗೆ ತಕ್ಷಣ ಪತ್ರ ಬರೆಯುವುದು ಲೇಸು.

ತೆರಿಗೆ ಮತ್ತು ಪರವಾನಗಿಗಳು

ಸರಕು ಮತ್ತು ಸೇವಾ ತೆರಿಗೆಯ ನೋಂದಣಿಯು ಮಾಲೀಕನ ಪ್ಯಾನ್ ಸಂಖ್ಯೆಯ ಮೇಲೆ ನಿಂತಿರುವುದರಿಂದ ಅದನ್ನು ಹೆಸರು ಬದಲಿಸಿ ಮುಂದುವರಿಸಲು ಬರುವುದಿಲ್ಲ. ವ್ಯಾಪಾರವನ್ನು ಮುಂದುವರಿಸುವ ವಾರಸುದಾರನು ಉತ್ತರಾಧಿಕಾರದ ದಿನದಿಂದ ಜಾರಿಯಾಗುವಂತೆ ಹೊಸ ನೋಂದಣಿ ಪಡೆಯಬೇಕು. ಅರ್ಜಿಯಲ್ಲಿ ಕಾರಣವನ್ನು 'ಮಾಲೀಕನ ಮರಣ' ಎಂದು ತೋರಿಸಬೇಕು. ಹಳೆಯ ಖಾತೆಯಲ್ಲಿ ಉಳಿದಿರುವ ಹೂಡುವಳಿ ತೆರಿಗೆಯ ಜಮೆಯನ್ನು ಹೊಸ ನೋಂದಣಿಗೆ ವರ್ಗಾಯಿಸಬಹುದೆಂದು 2019ರ ಮಾರ್ಚ್ 28ರ ಕೇಂದ್ರ ಸುತ್ತೋಲೆ 96 ಸ್ಪಷ್ಟಪಡಿಸಿದೆ. ಇಲ್ಲಿ ಅನುಕ್ರಮ ಮುಖ್ಯ. ಮೊದಲು ಹೊಸ ನೋಂದಣಿ, ಆಮೇಲೆ ಲೆಕ್ಕ ಪರಿಶೋಧಕರ ಪ್ರಮಾಣಪತ್ರ ಸಹಿತ ಐಟಿಸಿ-02 ನಮೂನೆ, ಅದು ಸ್ವೀಕೃತವಾದ ಮೇಲೆಯೇ ಹಳೆಯದರ ರದ್ದತಿಗೆ ಅರ್ಜಿ. ಅವಸರದಲ್ಲಿ ಮೊದಲೇ ರದ್ದು ಮಾಡಿಸಿದವರು ಸಾವಿರಾರು ರೂಪಾಯಿಯ ಜಮೆಯನ್ನು ಕಳೆದುಕೊಳ್ಳುವ ಸಂಭವವಿದೆ. ರದ್ದತಿಯ ಅರ್ಜಿಗೆ 30 ದಿನಗಳ ಅವಧಿ, ರದ್ದಾದ ಮೇಲೆ ಮೂರು ತಿಂಗಳೊಳಗೆ ಅಂತಿಮ ರಿಟರ್ನು. ಇವೆಲ್ಲಕ್ಕೂ ಮೃತನ ಮೊಬೈಲಿಗೆ ಬರುವ ಗುಪ್ತಸಂಖ್ಯೆಯೇ ಬೀಗದ ಕೈ. ಆದ್ದರಿಂದ ವ್ಯಾಪ್ತಿಯ ತೆರಿಗೆ ಅಧಿಕಾರಿಯನ್ನು ಕಂಡು ವಾರಸುದಾರನನ್ನು ಅಧಿಕೃತ ಸಹಿದಾರನನ್ನಾಗಿ ಸೇರಿಸಿಕೊಳ್ಳುವುದು ಮೊದಲ ಕೆಲಸ. ಆ ಸಿಮ್ ಕಾರ್ಡನ್ನು ಬಂದ್ ಮಾಡಿಸುವ ಗಡಿಬಿಡಿಯೂ ಬೇಡ.

ತೆರಿಗೆಯ ಬಾಕಿಯ ಬಗ್ಗೆ 93ನೆಯ ಕಲಮಿನ ಭೇದವನ್ನು ಗಮನಿಸಬೇಕು. ವ್ಯಾಪಾರವನ್ನು ಮುಂದುವರಿಸಿದ ವಾರಸುದಾರನು ಹಿಂದಿನ ತೆರಿಗೆ, ಬಡ್ಡಿ, ದಂಡಗಳಿಗೆ ಹೊಣೆ; ನಿಲ್ಲಿಸಿದರೆ ಆಸ್ತಿಯ ಮಿತಿಯೊಳಗೆ ಮಾತ್ರ. ಹಳೆಯ ನೋಟೀಸುಗಳಿರುವ ವ್ಯಾಪಾರವನ್ನು ಮುಂದುವರಿಸುವ ಮೊದಲು ಈ ಲೆಕ್ಕವನ್ನು ಹಾಕಬೇಕು. ಆದಾಯ ತೆರಿಗೆಯಲ್ಲಿ ಏಪ್ರಿಲ್ 1ರಿಂದ ಮರಣದ ದಿನದವರೆಗಿನ ಆದಾಯಕ್ಕೆ ಮೃತನ ಪರವಾಗಿ ವಾರಸುದಾರನು ರಿಟರ್ನು ಸಲ್ಲಿಸುತ್ತಾನೆ, ಹೊಣೆ ಆಸ್ತಿಯ ಮಟ್ಟಿಗೆ. ವ್ಯಾಪಾರದ ಹಳೆಯ ನಷ್ಟವನ್ನು ಬೇರೆಯವರು ಹೊತ್ತುಕೊಳ್ಳುವಂತಿಲ್ಲವೆಂಬ ಸಾಮಾನ್ಯ ನಿಯಮಕ್ಕೆ ವಾರಸಾ ಮೂಲಕ ಬಂದವನು ಅಪವಾದ.

ಆಹಾರ ಪದಾರ್ಥದ ಪರವಾನಗಿಯು 2011ರ ನಿಯಮಗಳಂತೆ ಕುಟುಂಬದವರ ಹಿತಕ್ಕಾಗಿ ಮರಣದಿಂದ 90 ದಿನಗಳವರೆಗೆ ಜೀವಂತವಿರುತ್ತದೆ. ಅಷ್ಟರೊಳಗೆ ಹೆಸರಿನ ಬದಲಾವಣೆಗೆ ಅರ್ಜಿ ಹಾಕಬೇಕು. ವಾಹನದ ವಿಷಯದಲ್ಲಿ 30 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಿದರೆ ಮೂರು ತಿಂಗಳು ಓಡಿಸಬಹುದು, ಆ ಅವಧಿಯಲ್ಲಿ 31ನೆಯ ನಮೂನೆಯಲ್ಲಿ ವರ್ಗಾವಣೆಯ ಅರ್ಜಿ ಸಲ್ಲಬೇಕು. ಉದ್ಯಮ್ ನೋಂದಣಿಯನ್ನು ಹೊಸದಾಗಿಯೇ ಮಾಡಿಸಬೇಕು. ಹೆಸ್ಕಾಂ ಮೀಟರು, ಎ.ಪಿ.ಎಂ.ಸಿ. ಪರವಾನಗಿ, ಪಂಚಾಯಿತಿಯ ಅನುಮತಿ ಇವುಗಳನ್ನು ಆಯಾ ಕಚೇರಿಯಲ್ಲಿ ವಿಚಾರಿಸಿ ಬದಲಿಸಿಕೊಳ್ಳುವುದು. ಎಲ್ಲಕ್ಕೂ ಮೂಲವಾದ ಮರಣ ನೋಂದಣಿಯನ್ನು 21 ದಿನಗಳೊಳಗೆ ಮಾಡಿಸಿ ಪ್ರಮಾಣಪತ್ರದ ಹತ್ತು ಪ್ರತಿಗಳನ್ನಾದರೂ ತೆಗೆದಿರಿಸಿಕೊಳ್ಳಬೇಕು.

ಗಿರಣಿ ಯಾರಿಗೆ

ಕಾಗಾಲದ ಗಿರಣಿಯ ಉದಾಹರಣೆಗೆ ಮರಳಿದರೆ, ಪತ್ನಿ, ಇಬ್ಬರು ಮಕ್ಕಳು, ವೃದ್ಧ ತಾಯಿ ಸೇರಿ ನಾಲ್ವರು ಸಮಾನ ಒಡೆಯರು. ಅವರಲ್ಲಿ ಗಿರಣಿ ನಡೆಸಬಲ್ಲವನು ಒಬ್ಬನೇ ಇರಬಹುದು. ಉತ್ತರಾಧಿಕಾರ ಕಾಯಿದೆಯ 22ನೆಯ ಕಲಮು ಮೃತನು ನಡೆಸುತ್ತಿದ್ದ ವ್ಯಾಪಾರದ ವಿಷಯದಲ್ಲಿ ಇಂತಹ ಸಂದರ್ಭಕ್ಕೆಂದೇ ಇದೆ. ಮೊದಲ ವರ್ಗದ ವಾರಸುದಾರರಲ್ಲಿ ಒಬ್ಬರು ತಮ್ಮ ಪಾಲನ್ನು ಮಾರಲು ಹೊರಟರೆ ಉಳಿದವರಿಗೆ ಅದನ್ನು ಕೊಳ್ಳುವ ಮೊದಲ ಹಕ್ಕಿದೆ. ಬೆಲೆಯಲ್ಲಿ ಒಮ್ಮತವಾಗದಿದ್ದರೆ ನ್ಯಾಯಾಲಯ ನಿಗದಿ ಮಾಡುತ್ತದೆ. ಪೇಟೆಯ ಪ್ರತಿಸ್ಪರ್ಧಿಯೊಬ್ಬ ಒಂದು ಪಾಲನ್ನು ಕೊಂಡು ಒಳಗೆ ಬರುವುದನ್ನು ಇದು ತಡೆಯುತ್ತದೆ. ವಾರಸುದಾರರಲ್ಲಿ ಅಪ್ರಾಪ್ತ ವಯಸ್ಕರಿದ್ದರೆ ಅವರ ಸ್ಥಿರಾಸ್ತಿಯ ಪಾಲನ್ನು ಮಾರಲು ತಾಯಿಗೂ ನ್ಯಾಯಾಲಯದ ಅನುಮತಿ ಬೇಕು. ಸ್ಥಿರಾಸ್ತಿಯ ಹಕ್ಕು ಬಿಡುವ ಪತ್ರವು ನೋಂದಣಿಯಾಗದೆ ಸಿಂಧುವಲ್ಲ.

ಬದುಕಿರುವಾಗಲೇ ಮಗನನ್ನು ಪಾಲುದಾರನನ್ನಾಗಿ ಸೇರಿಸಿಕೊಂಡು ಪಾಲುದಾರಿ ಸಂಸ್ಥೆ ಮಾಡುವುದು ಪರಿಚಿತ ಉಪಾಯ. ಇಬ್ಬರೇ ಪಾಲುದಾರರಿದ್ದಲ್ಲಿ ಒಬ್ಬನ ಮರಣದಿಂದ ಸಂಸ್ಥೆ ವಿಸರ್ಜನೆಯಾಗುತ್ತದೆ, ಮುಂದುವರಿಯುತ್ತದೆಂಬ ಷರತ್ತು ಬರೆದಿದ್ದರೂ ಅದು ನಿಲ್ಲದು ಎಂಬುದನ್ನು ಸೇಠ್ ಗೋವಿಂದರಾಮ್ ಶುಗರ್ ಮಿಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಪತ್ನಿಯನ್ನೋ ಮಗಳನ್ನೋ ಮೂರನೆಯ ಪಾಲುದಾರಳಾಗಿ ಸೇರಿಸಿ ಮುಂದುವರಿಕೆಯ ಷರತ್ತು ಬರೆದರೆ ಉದ್ದೇಶ ಈಡೇರುತ್ತದೆ. 2013ರ ಕಂಪನಿ ಕಾಯಿದೆಯ ಏಕವ್ಯಕ್ತಿ ಕಂಪನಿಯಲ್ಲಿ ಸ್ಥಾಪನೆಯ ದಿನವೇ ನಾಮಿನಿಯ ಹೆಸರನ್ನು ಆತನ ಲಿಖಿತ ಒಪ್ಪಿಗೆಯೊಂದಿಗೆ ಕೊಡಬೇಕು. ಮಾಲೀಕನ ಮರಣದ ನಂತರ ಆತ ಸದಸ್ಯನಾಗುತ್ತಾನೆ, ಕಂಪನಿಯ ಖಾತೆಯೂ ಕರಾರುಗಳೂ ನಿಲ್ಲುವುದಿಲ್ಲ. ವಾರ್ಷಿಕ ವೆಚ್ಚ ಮತ್ತು ಲೆಕ್ಕ ಪರಿಶೋಧನೆಯ ಹೊರೆಯನ್ನು ನೋಡಿದರೆ ಕಾಗಾಲದ ಗಿರಣಿಯಂತಹ ಸಣ್ಣ ಉದ್ಯಮಕ್ಕೆ ಇದು ಭಾರವೆನಿಸಬಹುದು. ಅಂತಹವರಿಗೆ ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿದ ಸರಳ ಉಯಿಲು, ಚಾಲ್ತಿ ಖಾತೆಗೆ ನಾಮಿನಿ, ತಿಂಗಳಿಗೊಮ್ಮೆ ಸಹಿ ಮಾಡಿಟ್ಟ ಬಾಕಿದಾರರ ಪಟ್ಟಿ ಇಷ್ಟಾದರೂ ಬೇಕು. ಆ ಪಟ್ಟಿ ಎಲ್ಲಿದೆ ಎಂಬುದು ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತಿರಬೇಕು.